ಹೆಬ್ಬಾಗಿಲ ದೀಪಕ್ಕೆ ಎಣ್ಣೆ

ಸುತ್ತಲೂ ಬೆಟ್ಟ, ನಡುವೆ ಒಂದು ರಾಜ್ಯ. ಹೆಸರು ಕಣಿವೆಗಿರಿ. ಒಳಗೆ ಹೋಗಲು ಒಂದೇ ಬಾಗಿಲು, ಹೊರಗೆ ಬರಲೂ ಅದೇ ಬಾಗಿಲು. ಜನ ಅದನ್ನು ಹೆಬ್ಬಾಗಿಲು ಅನ್ನುತ್ತಿದ್ದರು.

ಕಣಿವೆಗಿರಿಯಲ್ಲಿ ರಾಗಿ ಬೆಳೆಯುತ್ತಿತ್ತು, ಅವರೆ ಬೆಳೆಯುತ್ತಿತ್ತು. ಉಪ್ಪು ಇರಲಿಲ್ಲ, ಹತ್ತಿ ಇರಲಿಲ್ಲ, ಎಳ್ಳು ಇರಲಿಲ್ಲ. ಇವೆಲ್ಲ ಹೊರನಾಡಿನಿಂದ ಬಂಡಿಯಲ್ಲಿ ಬರಬೇಕು. ಬಂದ ಬಂಡಿ ಹೆಬ್ಬಾಗಿಲಲ್ಲಿ ನಿಂತು ಸುಂಕ ಕೊಡಬೇಕು. ಸುಂಕ ಅಂದರೆ ಹೆಚ್ಚೇನಲ್ಲ. ಉಪ್ಪಿನ ಮೂಟೆಗೆ ಒಂದು ಹಿಡಿ ಉಪ್ಪು, ಹತ್ತಿಯ ಮೂಟೆಗೆ ಒಂದು ಹಿಡಿ ಹತ್ತಿ.

ಸುಂಕ ಎಷ್ಟಿರಬೇಕು ಎಂದು ಹೇಳುವವನು ರಾಜನಲ್ಲ. ಹೇಳುವುದು ಕೇರಿಗಳ ಸಭೆ. ನೇಕಾರರ ಕೇರಿ, ಗಾಣಿಗರ ಕೇರಿ, ಕುಂಬಾರರ ಕೇರಿ, ಅಕ್ಕಸಾಲಿಗರ ಕೇರಿ, ಹೀಗೆ ಕೇರಿಗೊಬ್ಬರು ಬಂದು ಕಲ್ಲುಮಂಟಪದಲ್ಲಿ ಕೂರುತ್ತಿದ್ದರು. ಹೌದು ಅನ್ನುವವರು ತಮ್ಮ ಮುಂದೆ ವೀಳ್ಯದೆಲೆಯನ್ನು ಅಂಗಾತ ಇಡಬೇಕು. ಅಲ್ಲ ಅನ್ನುವವರು ಕವುಚಿ ಇಡಬೇಕು. ಯಾವುದು ಹೆಚ್ಚೋ ಅದೇ ತೀರ್ಮಾನ. ಅದಕ್ಕೆ ರಾಜ ತನ್ನ ಮುದ್ರೆ ಒತ್ತಿದರೆ ಕಟ್ಟಳೆಯಾಯಿತು.

ಆಗಿನ ರಾಜನ ಅಜ್ಜನ ಕಾಲದಲ್ಲಿ ಒಮ್ಮೆ ಶತ್ರುಗಳು ಕಣಿವೆಗೆ ನುಗ್ಗಿದರು. ಸೈನಿಕರಿಗೆ ಅನ್ನ ಬೇಕು, ಆನೆಗೆ ಮೇವು ಬೇಕು, ಸಭೆ ಸೇರಲು ಪುರುಸೊತ್ತಿಲ್ಲ. ಆಗ ಸಭೆಯೇ ರಾಜನಿಗೆ ಒಂದು ಅಧಿಕಾರ ಕೊಟ್ಟಿತು. ಆಪತ್ತು ಬಂದಾಗ ರಾಜ ಹೆಬ್ಬಾಗಿಲ ಗೂಡಿನಲ್ಲಿ ಎಳ್ಳೆಣ್ಣೆಯ ದೀಪ ಹಚ್ಚಲಿ. ದೀಪ ಉರಿಯುವಷ್ಟು ಕಾಲ ತನಗೆ ಬೇಕಾದಷ್ಟು ಸುಂಕ ಎತ್ತಲಿ. ಸಭೆಯನ್ನು ಕೇಳಬೇಕಿಲ್ಲ. ಇಷ್ಟನ್ನೂ ಕಲ್ಲಿನ ಮೇಲೆ ಕೆತ್ತಿಸಿದರು.

ಕೆತ್ತಿಸುವಾಗ ಒಂದು ತಪ್ಪಾಯಿತು. ದೀಪ ಹಚ್ಚುವವರು ಯಾರು ಎಂದು ಕೆತ್ತಿಸಿದರು, ಆರಿಸುವವರು ಯಾರು ಎಂದು ಕೆತ್ತಿಸಲಿಲ್ಲ. ಮರೆತದ್ದಲ್ಲ. ದೀಪ ಆರಿಸು ಅನ್ನುವುದು ಬಾಯಲ್ಲಿ ಆಡಬಾರದ ಮಾತು. ನಮ್ಮ ಮನೆಗಳಲ್ಲೂ ದೀಪ ಶಾಂತ ಮಾಡು ಅನ್ನುತ್ತೇವೆ ತಾನೇ? ಆಡಬಾರದ ಮಾತನ್ನು ಕಲ್ಲಿನಲ್ಲಿ ಕೆತ್ತಿಸುವುದು ಹೇಗೆ? ಹಿರಿಯರು ಅಷ್ಟು ಜಾಗ ಖಾಲಿ ಬಿಟ್ಟರು. ಅಜ್ಜ ರಾಜ ಒಳ್ಳೆಯವನು. ಶತ್ರು ಓಡಿಹೋದ ಮಾರನೆಯ ದಿನವೇ ದೀಪ ಶಾಂತ ಮಾಡಿದ. ಖಾಲಿ ಜಾಗ ಯಾರ ಕಣ್ಣಿಗೂ ಬೀಳಲಿಲ್ಲ.

ಮೊಮ್ಮಗನ ಕಣ್ಣಿಗೆ ಬಿತ್ತು.

ಮೊಮ್ಮಗನ ಹೆಸರು ಬಿರುದಮಲ್ಲ. ಇನ್ನೊಬ್ಬರನ್ನು ಕೇಳಿ ಮಾಡುವುದು ಅವನಿಗೆ ಆಗದ ಕೆಲಸ. ಕಣಿವೆಯಲ್ಲಿ ಕಳ್ಳರು ಯಾರದೋ ಎರಡು ಕುರಿ ಕದ್ದರು. ಬಿರುದಮಲ್ಲ ಆಪತ್ತು ಅಂದ, ದೀಪ ಹಚ್ಚಿಸಿದ. ಕಳ್ಳರು ಸಿಕ್ಕಿಬಿದ್ದರು, ದೀಪ ಉರಿಯುತ್ತಲೇ ಇತ್ತು. ನೆರೆನಾಡಿನ ರಾಜ ಹಬ್ಬಕ್ಕೆ ಕಳಿಸಿದ ಹಣ್ಣಿನ ಬುಟ್ಟಿ ಆ ವರ್ಷ ಸಣ್ಣದಾಯಿತು. ಇದೂ ಆಪತ್ತು ಅಂದ. ಅರಮನೆಯ ಮೇಲೆ ಗೂಬೆ ಕೂತಿತು. ಇದು ದೊಡ್ಡ ಆಪತ್ತು ಅಂದ. ಒಂದೊಂದು ಆಪತ್ತಿಗೂ ಸುಂಕ ಏರಿತು. ಹಿಡಿ ಹೋಗಿ ಮೊರವಾಯಿತು. ಮೊರ ಹೋಗಿ ಕಾಲು ಮೂಟೆಯಾಯಿತು. ಕಾಲು ಹೋಗಿ ಅರ್ಧವಾಯಿತು. ಆ ಸುಂಕದಲ್ಲಿ ಅರಮನೆಗೆ ಹೊಸ ಗೋಪುರ ಎದ್ದಿತು, ಗೋಪುರಕ್ಕೆ ಚಿನ್ನದ ಕಳಶ ಬಂತು.

ನೇಕಾರರ ಕೇರಿಯಿಂದ ಸಭೆಗೆ ಹೋಗುತ್ತಿದ್ದವಳು ಹೊಂಬಾಳಮ್ಮ. ನೂಲಿಗೆ ಬಣ್ಣ ಹಾಕುವುದು ಅವಳ ಕೆಲಸ. ನೀಲಿ ಹಂಡೆಯಲ್ಲಿ ಅದ್ದಿ ಅದ್ದಿ ಮೊಣಕೈವರೆಗೂ ಕೈ ನೀಲಿಯಾಗಿತ್ತು. ಈಗ ಹತ್ತಿ ಬಂಡಿ ಅಪರೂಪ. ಹತ್ತಿ ಇಲ್ಲದೆ ನೂಲಿಲ್ಲ, ನೂಲಿಲ್ಲದೆ ಬಣ್ಣವಿಲ್ಲ. ಕೈ ಬೆಳ್ಳಗಾಗುತ್ತಾ ಬಂತು.

ಒಂದು ದಿನ ಮಗಳು ರಾಚಮ್ಮ ಬಂದಳು. ಅವಳನ್ನು ಕೊಟ್ಟದ್ದು ಅದೇ ಕೇರಿಗೆ, ನಾಲ್ಕು ಮನೆ ಆಚೆ.

"ಅವ್ವ, ನಮ್ಮ ಮಾವ ಮಗ್ಗ ಬಿಚ್ಚಿ ಕಟ್ಟಿಟ್ಟರು. ಸುಗ್ಗಿ ಮುಗಿದ ಮೇಲೆ ಕೇರಿಗೆ ಕೇರಿಯೇ ಹೊರನಾಡಿಗೆ ಹೊರಡುತ್ತಂತೆ."

"ನೀನೂ ಹೋಗ್ತೀಯಾ?"

"ಇಲ್ಲಿದ್ದು ಏನು ನೇಯಲಿ, ಗಾಳೀನಾ? ನೀನು ಮಂಟಪದಲ್ಲಿ ಎಲೆ ಇಡ್ತಾ ಕೂತಿರು. ನಾವು ನಡೀತೀವಿ."

ಹೊಂಬಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರವಾಗಿ ಸಭೆಗೆ ನಡೆದಳು. ಸುಗ್ಗಿಯೊಳಗೆ ಸುಂಕ ಇಳಿಯಬೇಕು. ಇಳಿಯದಿದ್ದರೆ ಕೇರಿ ಖಾಲಿ, ಮಗಳು ದೂರ.

ಮೊದಲ ಸಲ ಸಭೆಯವರೆಲ್ಲ ಅರಮನೆಗೆ ಹೋದರು. ಸಭೆಯ ಹಿರಿಯ ದೊಡ್ಡವೀರಪ್ಪ ಕೈ ಮುಗಿದ.

"ಬುದ್ಧಿ, ಆಪತ್ತು ಕಳೀತು. ದೀಪ ಶಾಂತ ಮಾಡಿಸಬೇಕು."

"ದೀಪ ಉರೀತಿದೆಯೋ ಇಲ್ಲವೋ?" ಅಂದ ಬಿರುದಮಲ್ಲ.

"ಉರೀತಿದೆ ಬುದ್ಧಿ."

"ಆಪತ್ತು ಇದ್ದರೆ ತಾನೇ ದೀಪ ಉರಿಯೋದು? ದೀಪ ಉರೀತಿದೆ ಅಂದ ಮೇಲೆ ಆಪತ್ತು ಇದೆ."

ದೊಡ್ಡವೀರಪ್ಪ ತಲೆ ಕೆರೆದುಕೊಂಡ. ಹೊಂಬಾಳಮ್ಮ ಮುಂದೆ ಬಂದಳು.

"ಬುದ್ಧಿ, ಸುಂಕ ಕೊಟ್ಟೂ ಕೊಟ್ಟೂ ನಾವು ಸೋತೆವು."

"ನೀನೆಲ್ಲಿ ಸುಂಕ ಕೊಟ್ಟೆ ತಾಯಿ? ಕೊಡೋನು ಹೊರನಾಡಿನ ವ್ಯಾಪಾರಿ. ನಾನು ನಿನಗೋಸ್ಕರ ಅವನ ಮೂಟೆ ಬಿಚ್ಚಿಸ್ತಿದ್ದೀನಿ."

"ಅವನು ಹೆಬ್ಬಾಗಿಲಲ್ಲಿ ಕೊಟ್ಟಿದ್ದನ್ನ ಸಂತೆಯಲ್ಲಿ ನನ್ನಿಂದ ಇಸ್ಕೊಳ್ತಾನೆ ಬುದ್ಧಿ. ಅವನ ಮೂಟೆ ಬಿಚ್ಚಿದಾಗಲೆಲ್ಲ ನನ್ನ ಸೆರಗಿನ ಗಂಟು ಬಿಚ್ಚುತ್ತೆ."

ಪಕ್ಕದಲ್ಲಿದ್ದ ಮಂತ್ರಿ ಸೋಮರಸ ಬಾಯಿಗೆ ಹೆಗಲ ವಲ್ಲಿ ಅಡ್ಡ ಹಿಡಿದು ನಕ್ಕ. ರಾಜ ನಗಲಿಲ್ಲ. ಹೋಗಿಬನ್ನಿ ಅಂದ. ಎಲ್ಲರೂ ಬರಿಗೈಯಲ್ಲಿ ಹಿಂದಿರುಗಿದರು.

ಎರಡನೆಯ ಸಲ ಸಭೆ ಎಲೆ ಇಟ್ಟಿತು. ದೀಪ ಶಾಂತವಾಗಬೇಕು ಎಂದು ಹೆಚ್ಚಿನ ಎಲೆಗಳು ಅಂಗಾತ ಬಿದ್ದವು. ರಾಜ ಮುದ್ರೆ ಒತ್ತಲಿಲ್ಲ. ಹಳೆಯ ಕಟ್ಟಳೆಯಲ್ಲಿ ಅದಕ್ಕೂ ಒಂದು ದಾರಿಯಿತ್ತು. ಒಂದು ಎಲೆಯೂ ಕವುಚದೆ ಎಲ್ಲ ಎಲೆಗಳೂ ಅಂಗಾತ ಬಿದ್ದರೆ ರಾಜನ ಮುದ್ರೆ ಬೇಡ. ಸಭೆ ಮತ್ತೆ ಸೇರಿತು. ಅಂಗಾತ, ಅಂಗಾತ, ಅಂಗಾತ, ಎಲೆಗಳು ಸಾಲಾಗಿ ಬಿದ್ದವು. ಕೊನೆಗೆ ಅಕ್ಕಸಾಲಿಗರ ಕೇರಿಯ ಮಂಚಾಚಾರಿಯ ಸರದಿ. ಅವನು ತಲೆ ತಗ್ಗಿಸಿ ಎಲೆ ಕವುಚಿದ.

ಯಾಕೆ ಗೊತ್ತೇ? ಹಿಂದಿನ ದಿನ ರಾಜ ಅವನನ್ನು ಕರೆಸಿ ಚಿನ್ನಕ್ಕೆ ಸುಂಕವಿಲ್ಲ ಅಂದಿದ್ದ.

ಹೊರಗೆ ಬಂದ ಮೇಲೆ ಗಾಣಿಗರ ಕೇರಿಯ ಕೆಂಚಪ್ಪ ಕುದಿಯುತ್ತಿದ್ದ. "ಅಕ್ಕ, ಇದೆಲ್ಲ ಬೇಡ. ನಾನೇ ಹೋಗಿ ಊದಿಬಿಡ್ತೀನಿ."

"ದೀಪದ ಪಕ್ಕ ಕಾವಲಿನವರು ಈಟಿ ಹಿಡಿದು ನಿಂತಿದ್ದಾರೆ. ಊದೋಕೆ ಉಸಿರು ಇರಬೇಕಲ್ಲಪ್ಪ."

"ಹಾಗಾದ್ರೆ ಸುಮ್ಮನೆ ಗಾಣದ ಎತ್ತಿನ ಹಾಗೆ ಸುತ್ತುತ್ತಾ ಇರೋಣವಾ? ನಮ್ಮ ಗಾಣಾನೂ ನಿಂತಿದೆ. ಎಳ್ಳಿನ ಬಂಡಿಗಳು ಈ ದಾರಿಯನ್ನೇ ಬಿಟ್ಟು ಬೇರೆ ದಾರಿ ಹಿಡಿದಿವೆ. ಅರಮನೆಯವರೇ ನಿನ್ನೆ ಬಂದು ಎಣ್ಣೆ ಕೇಳಿದರು. ಎಲ್ಲಿಂದ ತರಲಿ?"

ಹೊಂಬಾಳಮ್ಮ ಆಗ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಮನೆಗೆ ಬಂದಳು. ಸಂಜೆಯಾಗಿತ್ತು. ದೇವರ ಗೂಡು ಕತ್ತಲಾಗಿತ್ತು. ರಾಚಮ್ಮ ಹೊಸ್ತಿಲ ಮೇಲೆ ಕೂತಿದ್ದಳು.

"ದೀಪ ಯಾಕೆ ಶಾಂತ ಮಾಡಿದೆ?"

"ನಾನು ಮುಟ್ಟಲೇ ಇಲ್ಲವ್ವ. ಎಣ್ಣೆ ಮುಗೀತು, ಅದರ ಪಾಡಿಗೆ ಅದು ಹೋಯ್ತು. ಭರಣಿಯಲ್ಲಿ ಸ್ವಲ್ಪ ಇದೆ, ಹಬ್ಬಕ್ಕೆ ಇರಲಿ ಅಂತ ಹಾಕಲಿಲ್ಲ."

ಹೊಂಬಾಳಮ್ಮ ಗೂಡಿನ ಮುಂದೆ ನಿಂತೇ ಇದ್ದಳು. ಮುಟ್ಟದೆ ಹೋಯ್ತು. ಊದದೆ ಹೋಯ್ತು. ಯಾರ ಅಪ್ಪಣೆಯೂ ಇಲ್ಲದೆ ಹೋಯ್ತು. ಇಷ್ಟು ದಿನ ಸಭೆ ಬಡಿದಾಡಿದ್ದು ದೀಪ ಆರಿಸುವುದಕ್ಕೆ. ಆರಿಸುವ ಕೆಲಸವೇ ಬೇಡ. ದೀಪಕ್ಕೆ ಎಣ್ಣೆ ಹೊಯ್ಯುವ ಕೈ ನಮ್ಮದಾದರೆ ಸಾಕು.

"ಏನವ್ವ, ದೆವ್ವ ಬಡಿದೋರ ಹಾಗೆ ನಿಂತೆ?"

"ಮಗ್ಗದ ಕಟ್ಟು ಬಿಗಿಯಾಗಿ ಕಟ್ಟಬೇಡಿ ಅಂತ ನಿನ್ನ ಮಾವನಿಗೆ ಹೇಳು," ಅಂದಳು ಹೊಂಬಾಳಮ್ಮ.

ಮೂರನೆಯ ಸಲ ಸಭೆ ಹೊಸ ಕಟ್ಟಳೆ ಬರೆಯಿತು. ಅದರಲ್ಲಿ ದೀಪ ಆರಿಸುವ ಮಾತೇ ಇರಲಿಲ್ಲ. ಅಮಾವಾಸ್ಯೆಗೊಮ್ಮೆ ಕೇರಿಗಳು ಹೆಬ್ಬಾಗಿಲಿಗೆ ಬರಬೇಕು. ಎಣ್ಣೆ ಹೊಯ್ಯುವವರು ತಾವು ಕಂಡ ಆಪತ್ತು ಯಾವುದು ಎಂದು ಊರ ಮುಂದೆ ಹೇಳಿ ಹೊಯ್ಯಬೇಕು. ಕೇರಿಗಳ ಎಣ್ಣೆಯಲ್ಲದೆ ಬೇರೆ ಎಣ್ಣೆ ಆ ದೀಪಕ್ಕೆ ಬೀಳಬಾರದು. ಅಷ್ಟೇ.

ಕೆಂಚಪ್ಪನಿಗೆ ಸಮಾಧಾನವಿಲ್ಲ. "ಅಕ್ಕ, ಒಬ್ಬನೇ ಒಬ್ಬ ಹೊಯ್ದರೂ ದೀಪ ಉರಿಯುತ್ತೆ. ಮಂಚಾಚಾರಿ ಇದ್ದಾನಲ್ಲ."

"ಎಲೆ ಕವುಚೋದು ತಲೆ ತಗ್ಗಿಸಿ ಮಾಡೋ ಕೆಲಸ. ಇಲ್ಲದ ಆಪತ್ತನ್ನ ಕಂಡೆ ಅಂತ ಹೇಳೋಕೆ ತಲೆ ಎತ್ತಬೇಕು. ಎತ್ತುತ್ತಾನಾ ನೋಡೋಣ."

ಎಲೆಗಳು ಅಂಗಾತ ಬಿದ್ದವು. ಈ ಸಲ ಮಂಚಾಚಾರಿಯದೂ ಅಂಗಾತವೇ. ರಾಜನ ದೀಪಕ್ಕೆ ಎಣ್ಣೆ ಕೊಡುವುದು ತಾನೇ, ಇದರಲ್ಲಿ ಬೇಡ ಅನ್ನುವುದೇನು ಎಂದು ಅವನು ತಿಳಿದಿದ್ದ.

ಮುದ್ರೆ ಬೇಕಿರದಿದ್ದರೂ ಸಭೆಯವರು ಕಟ್ಟಳೆಯನ್ನು ರಾಜನ ಮುಂದೆ ಇಟ್ಟರು, ರಾಜನೂ ಹಾಗೆಯೇ ತಿಳಿದ. ಅರಮನೆಯ ಉಗ್ರಾಣದಲ್ಲಿ ಎಳ್ಳೆಣ್ಣೆ ತಳ ಕಂಡಿತ್ತು. ಎಳ್ಳಿಗೆ ಇನ್ನು ಸುಂಕವಿಲ್ಲ ಎಂದು ರಾಜ ಸಾರಿದರೂ ಬಂಡಿಗಳು ಬಂದಿರಲಿಲ್ಲ. ಕಲ್ಲಿನ ಮೇಲೆ ಎಳ್ಳೆಣ್ಣೆ ಎಂದೇ ಇದೆ, ಬೇರೆ ಎಣ್ಣೆ ಹೊಯ್ಯುವ ಹಾಗಿಲ್ಲ. ಹೀಗಿರುವಾಗ ಕೇರಿಗಳೇ ತಮ್ಮ ಮನೆಯ ಎಣ್ಣೆ ತರುತ್ತೇವೆ ಅಂದರೆ?

ಬಿರುದಮಲ್ಲ ತೊಡೆ ತಟ್ಟಿಕೊಂಡು ನಕ್ಕ. "ನೋಡಿದೆಯಾ ಸೋಮರಸ, ದೀಪ ಬೇಡ ಅಂದೋರೇ ದೀಪಕ್ಕೆ ಎಣ್ಣೆ ಹೊರ್ತಾರೆ."

ಸೋಮರಸ ಕಟ್ಟಳೆಯನ್ನು ಎರಡು ಸಲ ಓದಿದ. "ಬೇರೆ ಎಣ್ಣೆ ಬೀಳಬಾರದು ಅಂತ ಯಾಕಮ್ಮ ಸೇರಿಸಿದಿರಿ?"

"ಸ್ವಾಮಿ, ದೀಪ ಊರಿನದು. ಊರೇ ಹೊರಲಿ ಅಂತ," ಅಂದಳು ಹೊಂಬಾಳಮ್ಮ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಅಕಸ್ಮಾತ್ ಅವರು ತರದೇ ಹೋದರೆ, ಪ್ರಭು?" ಎಂದು ಮಂತ್ರಿ ರಾಜನ ಕಿವಿಯಲ್ಲಿ ಕೇಳಿದ.

"ತರದೆ ಏನು ಮಾಡ್ತಾರೆ? ಆಪತ್ತು ಇದೆಯಲ್ಲ, ಭಯ ಬಿದ್ದು ತರ್ತಾರೆ," ಅಂದ ರಾಜ. ಹೇಳಿ ಹೇಳಿ ತನ್ನ ಮಾತನ್ನು ತಾನೇ ನಂಬಿಬಿಟ್ಟಿದ್ದ. ಮುದ್ರೆ ತೆಗೆದ, ಬಲವಾಗಿ ಒತ್ತಿದ.

ಅಮಾವಾಸ್ಯೆ ಬಂತು. ಬೆಳಗಿನಿಂದಲೇ ಹೆಬ್ಬಾಗಿಲ ಮುಂದೆ ಊರೆಲ್ಲ ನೆರೆಯಿತು. ಗೂಡಿನ ದೀಪದಲ್ಲಿ ಎಣ್ಣೆ ತಳ ಹಿಡಿದಿತ್ತು. ಎರಡೂ ಕಡೆ ಕಾವಲಿನವರು ಈಟಿ ಹಿಡಿದು ನಿಂತಿದ್ದರು. ಯಾರೂ ದೀಪ ಮುಟ್ಟಬಾರದು ಎಂದು ಅವರಿಗೆ ಅಪ್ಪಣೆ. ರಾಜ ಚೌಕಿಯ ಮೇಲೆ ಕೂತು ನೋಡುತ್ತಿದ್ದ.

ಕೇರಿಗಳವರು ಸಾಲಾಗಿ ಬಂದರು. ಎಲ್ಲರ ಕೈಯಲ್ಲೂ ಎಣ್ಣೆಯ ಮಿಳ್ಳೆ. ಬರಿ ಮಿಳ್ಳೆಯಲ್ಲ, ತುಂಬಿದ ಮಿಳ್ಳೆ. ದೇವರ ದೀಪಕ್ಕೆಂದು ಎತ್ತಿಟ್ಟಿದ್ದನ್ನು ಬಗ್ಗಿಸಿ ತಂದಿದ್ದರು. ರಾಜನ ಮುಖ ಅರಳಿತು.

ದೊಡ್ಡವೀರಪ್ಪ ದೀಪದ ಮುಂದೆ ನಿಂತ. ಮಿಳ್ಳೆ ಎತ್ತಿದ. ಹೊಯ್ಯಲಿಲ್ಲ.

"ಬುದ್ಧಿ, ಎಣ್ಣೆ ತಂದಿದ್ದೀನಿ. ಕಂಡ ಆಪತ್ತು ಹೇಳಿ ಹೊಯ್ಯಬೇಕು ಅಂತ ಕಟ್ಟಳೆ. ನನ್ನ ಕಣ್ಣಿಗೆ ಯಾವುದೂ ಕಾಣಲಿಲ್ಲ. ವಯಸ್ಸಾಯ್ತು. ತಾವು ತೋರಿಸಿದರೆ ಹೊಯ್ತೀನಿ."

"ಕಣಿವೆಯಲ್ಲಿ ಕಳ್ಳರು," ಅಂದ ರಾಜ.

"ಅವರು ಸೆರೆಮನೆಯಲ್ಲಿ ರಾಗಿ ಬೀಸ್ತಿದ್ದಾರೆ ಬುದ್ಧಿ. ಚೆನ್ನಾಗಿ ಬೀಸ್ತಾರೆ." ದೊಡ್ಡವೀರಪ್ಪ ಮಿಳ್ಳೆ ಇಳಿಸಿ ಪಕ್ಕಕ್ಕೆ ಸರಿದ.

ಕೆಂಚಪ್ಪ ಬಂದ. ಅವನೂ ಮಿಳ್ಳೆ ಎತ್ತಿ ಕೇಳಿದ, "ನನಗೆ ಬೇರೆ ಏನಾದರೂ ತೋರಿಸಿ ಬುದ್ಧಿ."

"ನೆರೆನಾಡಿನ ರಾಜ. ನಮ್ಮ ಮೇಲೆ ಕಣ್ಣಿಟ್ಟಿದ್ದಾನೆ."

"ಅವನ ನಾಡಿನ ಬಂಡಿಗಳು ಅಗೋ, ಬಾಗಿಲ ಆಚೆ ನಿಂತಿವೆ. ದೀಪ ಏನಾಗುತ್ತೋ ನೋಡೋಣ ಅಂತ ಬಂದಿದ್ದಾರೆ. ಬಂಡಿ ತುಂಬ ಎಳ್ಳು, ಹತ್ತಿ. ಇದನ್ನ ಆಪತ್ತು ಅಂತ ಹೇಗೆ ಹೇಳಲಿ? ನನ್ನ ಗಾಣವೇ ನನ್ನನ್ನ ನೋಡಿ ನಗುತ್ತೆ." ಅವನೂ ಪಕ್ಕಕ್ಕೆ ಸರಿದ.

ದೀಪ ಸಣ್ಣಗಾಯಿತು. ಒಬ್ಬೊಬ್ಬರಾಗಿ ಬಂದರು, ಒಬ್ಬೊಬ್ಬರಾಗಿ ಮಿಳ್ಳೆ ಇಳಿಸಿದರು. ಇಬ್ಬರೇ ಉಳಿದಾಗ ಮಂಚಾಚಾರಿ ಬಂದ. ಹೊಂಬಾಳಮ್ಮ ಹಿಂದೆ ತಿರುಗಿ ನೋಡಿದಳು. ಜನರ ನಡುವೆ ರಾಚಮ್ಮ ನಿಂತಿದ್ದಳು, ತಲೆಯ ಮೇಲೆ ಪಾತ್ರೆಗಳ ಗಂಟು. ಈ ಒಂದು ಮಿಳ್ಳೆ ಬಗ್ಗಿದರೆ ಆ ಗಂಟು ಬಾಗಿಲು ದಾಟುತ್ತದೆ.

"ಹೊಯ್ಯಿ ಮಂಚಾಚಾರಿ," ಅಂದ ರಾಜ ಮೆತ್ತಗೆ. "ನಿನಗೆ ನಾನು ಏನು ಮಾಡಿದ್ದೀನಿ ಅನ್ನೋದು ನೆನಪಿದೆ ತಾನೇ?"

ಮಂಚಾಚಾರಿ ಮಿಳ್ಳೆ ಎತ್ತಿದ. ಊರೆಲ್ಲ ಅವನ ಮುಖ ನೋಡುತ್ತಿತ್ತು. ಆಪತ್ತು ಯಾವುದು ಎಂದು ಹೇಳಲು ಬಾಯಿ ತೆರೆದ. ಮಾತು ಹೊರಡಲಿಲ್ಲ. ಮತ್ತೆ ತೆರೆದ, ಹೊರಡಲಿಲ್ಲ. ಮೂರನೆಯ ಸಲ ತೆರೆದಾಗ ನಿಜ ಹೊರಟಿತು.

"ನೆನಪಿದೆ ಬುದ್ಧಿ. ಚಿನ್ನಕ್ಕೆ ಸುಂಕ ಇಲ್ಲ. ಚಿನ್ನ ಕೊಳ್ಳೋರೂ ಇಲ್ಲ. ಉಪ್ಪಿಗೇ ಒದ್ದಾಡೋ ಊರಲ್ಲಿ ಮೂಗುಬೊಟ್ಟು ಯಾರು ಮಾಡಿಸ್ತಾರೆ? ಈ ಊರಲ್ಲಿ ನಾನು ಕಂಡ ಆಪತ್ತು ಒಂದೇ. ಅದು ಈ ದೀಪ."

ಮಿಳ್ಳೆಯನ್ನು ಎದೆಗೆ ಒತ್ತಿಕೊಂಡು ಅವನೂ ಪಕ್ಕಕ್ಕೆ ಸರಿದ. ಬತ್ತಿ ಚಟಪಟ ಅಂದಿತು.

ಬಿರುದಮಲ್ಲ ಎದ್ದು ನಿಂತ. "ನೀವೇ ಆಪತ್ತು. ನೀವೆಲ್ಲರೂ ಸೇರಿ ಆಪತ್ತು."

ಉಳಿದಿದ್ದವಳು ಹೊಂಬಾಳಮ್ಮ ಒಬ್ಬಳೇ. ಅವಳು ದೀಪದ ಹತ್ತಿರ ಹೋಗಿ ನಿಂತು ಕೇಳಿದಳು, "ಊರನ್ನ ಕಾಯೋಕೆ ಅಂತ ಹಚ್ಚಿದ ದೀಪ ಇದು ಬುದ್ಧಿ. ಊರೇ ಆಪತ್ತಾದರೆ ಇದು ಯಾರನ್ನ ಕಾಯುತ್ತೆ?"

ರಾಜ ಸೋಮರಸನ ಕಡೆ ತಿರುಗಿದ. "ಉಗ್ರಾಣದಲ್ಲಿ ಉಳಿದಿರೋ ಎಣ್ಣೆ ತಂದು ಸುರಿ."

"ಬೇರೆ ಎಣ್ಣೆ ಬೀಳಬಾರದು ಅಂತ ಕಟ್ಟಳೆ, ಪ್ರಭು."

"ಯಾವನ ಕಟ್ಟಳೆ?"

"ಮುದ್ರೆ ತಮ್ಮದೇ ಪ್ರಭು. ಬಲವಾಗಿ ಒತ್ತಿದ್ದೀರಿ."

ರಾಜ ತಾನೇ ಇಳಿದು ದೀಪದತ್ತ ನಡೆದ. ಕಾವಲಿನವರ ಈಟಿಗಳು ಅಡ್ಡ ಬಂದವು. "ಯಾರೂ ಮುಟ್ಟಬಾರದು ಅಂತ ತಮ್ಮ ಅಪ್ಪಣೆ ಬುದ್ಧಿ," ಅಂದ ಹಿರಿಯ ಕಾವಲುಗಾರ. ಅವನ ಮನೆಯಲ್ಲೂ ಉಪ್ಪಿಗೆ ತತ್ವಾರವಿತ್ತು.

ರಾಜ ಅಲ್ಲೇ ನಿಂತ. ಜನ ಅಲ್ಲೇ ನಿಂತರು. ದೀಪ ಒಮ್ಮೆ ಹಳದಿಯಾಯಿತು, ಒಮ್ಮೆ ಕೆಂಪಾಯಿತು, ಒಂದು ಎಳೆ ಹೊಗೆಯಾಗಿ ಮೇಲೆ ಹೋಯಿತು. ಯಾರೂ ಆರಿಸಲಿಲ್ಲ. ಅದರ ಪಾಡಿಗೆ ಅದು ಹೋಯಿತು.

ಆಮೇಲೆ ಎದ್ದ ಸದ್ದನ್ನು ಏನು ಹೇಳಲಿ? ತಮಟೆಯವರು ತಮಟೆ ಬಡಿದರು. ಕುಂಬಾರರು ಮಡಕೆಗಳನ್ನೇ ಬಡಿದರು. ಬಾಗಿಲು ತೆರೆಯಿತು. ಮೂಟೆಗೆ ಒಂದು ಹಿಡಿ ಸುಂಕ ಕೊಟ್ಟು ಬಂಡಿಗಳು ಒಳಗೆ ಬಂದವು. ಹತ್ತಿ ಬಂತು, ಎಳ್ಳು ಬಂತು, ಉಪ್ಪು ಬಂತು. ರಾಚಮ್ಮ ತಲೆಯ ಮೇಲಿನ ಗಂಟನ್ನು ಇಳಿಸಿ ಅವ್ವನ ಕಾಲ ಬಳಿ ಇಟ್ಟಳು.

"ಎತ್ಕೋ ಅವ್ವ, ಭಾರ."

"ನಿನ್ನ ಪಾತ್ರೆ ನಾನ್ಯಾಕೆ ಹೊರಲಿ? ಮನೆಗೆ ನಡಿ. ನೀಲಿ ಹಂಡೆಗೆ ನೀರು ತುಂಬಿಸಬೇಕು."

ಕಥೆ ಇಲ್ಲಿಗೇ ಮುಗಿಯಲಿಲ್ಲ. ರಾಜ ಅರಮನೆಯಲ್ಲಿ ಮುಖ ಊದಿಸಿಕೊಂಡು ಕೂತ. ಇನ್ನು ನಿಜವಾದ ಆಪತ್ತು ಬಂದರೂ ಇವರು ಎಣ್ಣೆ ಹೊಯ್ಯುವುದಿಲ್ಲ, ಆಗ ಗೊತ್ತಾಗುತ್ತದೆ ಎಂದು ಗೊಣಗುತ್ತಿದ್ದ.

ಮುಂದಿನ ಮಳೆಗಾಲದಲ್ಲಿ ನಿಜವಾದ ಆಪತ್ತು ಬಂತು. ಕೆರೆಯ ಏರಿ ಬಿರುಕು ಬಿಟ್ಟಿತು. ಏರಿ ಒಡೆದರೆ ಊರು ನೀರುಪಾಲು. ರಾಜ ಕರೆ ಕಳಿಸುವ ಮೊದಲೇ ಕೇರಿಗಳವರು ಹೆಬ್ಬಾಗಿಲಿಗೆ ಓಡಿ ಬಂದರು. ಅಮಾವಾಸ್ಯೆ ಎಂದು ಯಾರೂ ಕಾಯಲಿಲ್ಲ. ಎಲ್ಲರಿಗಿಂತ ಮುಂದೆ ಹೊಂಬಾಳಮ್ಮ. ಅವಳ ಕೈ ಮೊಣಕೈವರೆಗೂ ನೀಲಿ.

"ಕೆರೆಯ ಏರಿ ಬಿರುಕು ಬಿಟ್ಟಿದೆ. ಕಣ್ಣಾರೆ ಕಂಡೆ," ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿ ಎಣ್ಣೆ ಹೊಯ್ದಳು. ಅವಳ ಹಿಂದೆ ಕೆಂಚಪ್ಪ ಹೊಯ್ದ. ಅವನ ಹಿಂದೆ ಮಂಚಾಚಾರಿ, ತಲೆ ಎತ್ತಿ, ಹೊಯ್ದ. ದೀಪ ತುಂಬಿ ತುಳುಕಿತು. ಹೊಯ್ದಾದ ಮೇಲೆ ಎಲ್ಲರೂ ಸುದ್ದಿ ಕೇಳಿ ಬಂದಿದ್ದ ರಾಜನ ಕಡೆ ತಿರುಗಿದರು.

"ಹಚ್ಚಬೇಕಾದವರು ತಾವು ಬುದ್ಧಿ," ಅಂದ ದೊಡ್ಡವೀರಪ್ಪ.

ಬಿರುದಮಲ್ಲ ದೀಪ ಹಚ್ಚಿದ. ಈ ಸಲ ಎತ್ತಿದ ಸುಂಕದಲ್ಲಿ ಕಲ್ಲು ಬಂತು, ಗಾರೆ ಬಂತು, ಕೂಲಿಯವರಿಗೆ ಗಂಜಿ ಬಂತು. ಯಾವ ವ್ಯಾಪಾರಿಯೂ ಗೊಣಗಲಿಲ್ಲ, ಯಾವ ಬಂಡಿಯೂ ದಾರಿ ಬದಲಿಸಲಿಲ್ಲ. ಏರಿ ಗಟ್ಟಿಯಾಯಿತು. ಅಮಾವಾಸ್ಯೆಯ ದಿನ ಕೇರಿಗಳವರು ಮತ್ತೆ ಮಿಳ್ಳೆ ತುಂಬಿಕೊಂಡು ಬಂದರು. ರಾಜ ತಾನೇ ಏರಿಯ ಮೇಲೆ ಒಂದು ಸುತ್ತು ನಡೆದು ಬಂದ. ಕಾಲೆಲ್ಲ ಕೆಸರು.

"ಆಪತ್ತು ಎಲ್ಲಿದೆ ಬುದ್ಧಿ?" ಎಂದು ಹೊಂಬಾಳಮ್ಮ ಕೇಳಿದಳು.

"ಕಳೀತು ಕಣಮ್ಮ," ಅಂದ ರಾಜ. "ಎಣ್ಣೆ ಮನೆಗೆ ತಗೊಂಡು ಹೋಗಿ."

ದೀಪ ತನ್ನ ಪಾಡಿಗೆ ಶಾಂತವಾಯಿತು. ಕಣಿವೆಗಿರಿಯ ಜನ ಎಣ್ಣೆಯನ್ನು ಮನೆಗೆ ಒಯ್ದು ಒಗ್ಗರಣೆಗೆ ಹಾಕಿಕೊಂಡರು.

ಕೇಳಿದವರೆಲ್ಲ ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆಪತ್ತಿಗೆಂದು ಕೊಟ್ಟ ಅಧಿಕಾರ ಆಪತ್ತಿನ ಜೊತೆಗೇ ಮುಗಿಯಬೇಕು. ಅದನ್ನು ಮುಗಿಸಿ ಎಂದು ಅಧಿಕಾರ ಹಿಡಿದವನನ್ನೇ ಬೇಡಿಕೊಂಡರೆ ಅದು ಎಂದಿಗೂ ಮುಗಿಯುವುದಿಲ್ಲ. ಭಾರ ಹೊರುವ ಜನ ಮತ್ತೆ ಮತ್ತೆ ಒಪ್ಪಿದರೆ ಮಾತ್ರ ಅದು ಉಳಿಯಬೇಕು, ಒಪ್ಪದಿದ್ದರೆ ತಾನಾಗಿ ಹೋಗಬೇಕು. ಹಾಗೆ ಕಟ್ಟಳೆ ಮಾಡಿಕೊಂಡ ಊರಿಗೆ ಒಳ್ಳೆಯ ರಾಜ ಬಂದರೂ ಸರಿ, ಬಿರುದಮಲ್ಲ ಬಂದರೂ ಸರಿ, ಭಯವಿಲ್ಲ.